ದೇಗಿನ ಒಳಗಿನ ಕೆಂಪು

೧೯೯೬ರಲ್ಲಿ, ಏಳನೆಯ ತರಗತಿಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಅಂದಿನಿಂದ ನನಗೆ ಬಂದ ವಿದ್ಯೆಯೆಲ್ಲ ಮೂಗಿನಿಂದ ಬಂದದ್ದು. ಬೇಳೆ ಬೆಂದಿದೆಯೋ ಇಲ್ಲವೋ, ಉಪ್ಪು ಸಾಕೋ ಬೇಕೋ, ತಳ ಹಿಡಿಯಲು ಇನ್ನೆಷ್ಟು ಹೊತ್ತಿದೆ, ಎಲ್ಲವನ್ನೂ ಮುಚ್ಚಳದ ಸಂದಿಯಿಂದ ಬರುವ ಹಬೆಯಲ್ಲೇ ಹೇಳುತ್ತಿದ್ದೆ. ನನಗೆ ಕೆಲಸ ಕಲಿಸಿದ ಉಸ್ತಾದರು ಒಂದು ಕಟ್ಟು ಹಾಕಿದ್ದರು: ಉಣ್ಣುವವರು ಉಣ್ಣುವ ಮೊದಲು ಅಡಿಗೆಯವನ ನಾಲಿಗೆಗೆ ಅಡಿಗೆ ಹತ್ತಬಾರದು. ಮಂದಿಯ ಊಟವನ್ನು ಎಂಜಲು ಮಾಡಿ ಬಡಿಸುವವನು ಅಡಿಗೆಯವನೇ ಅಲ್ಲ ಎನ್ನುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಆ ಕಟ್ಟು ಮುರಿದಿರಲಿಲ್ಲ. ಅದನ್ನು ಹೇಳಿಕೊಳ್ಳುವಾಗ ಎದೆ ಉಬ್ಬುತ್ತಿತ್ತು. ಕಮಲಾಪುರದ ನಾಲ್ಕು ದಿನಗಳವರೆಗೆ ಉಬ್ಬುತ್ತಿತ್ತು.

ಕೆಲಸ ಹೀಗಿತ್ತು. ಕಮಲಾಪುರದ ಸುತ್ತಲಿನ ಹಳ್ಳಿಗಳ ನಲವತ್ತೆರಡು ಮಂದಿ ಹಿರಿಯರಿಗೆ ಕಲಬುರಗಿಯಲ್ಲಿ ಕಣ್ಣಿನ ಪೊರೆ ತೆಗೆದು, ಬಸ್ಸಿನಲ್ಲಿ ವಾಪಸ್ ಕರೆತಂದು, ಕಮಲಾಪುರದ ಒಂದು ಸಭಾಭವನದಲ್ಲಿ ನಾಲ್ಕು ದಿನ ಇಟ್ಟುಕೊಳ್ಳುವುದು. ಮನೆಗೆ ಕಳಿಸಿದರೆ ಮರುದಿನವೇ ಒಲೆಯ ಮುಂದೆ, ಹೊಲದ ಧೂಳಿನಲ್ಲಿ ಕೂಡುತ್ತಾರೆಂದು ಶಿಬಿರದವರಿಗೆ ಭಯ. ಅವರ ಊಟ ನನ್ನ ಪಾಲಿಗೆ ಬಂತು. ನಾನು ಮತ್ತು ನನ್ನ ಹೆಂಡತಿ ಕಲಬುರಗಿಯ ಶಹಾಬಜಾರದ ಮನೆಯಿಂದ ಸಾಮಾನು ಹೇರಿಕೊಂಡು ಹೊರಟೆವು.

ಹೊರಡುವ ಮುನ್ನ ಶಿಬಿರದ ಸಿಸ್ಟರ್ ನನ್ನನ್ನು ನಿಲ್ಲಿಸಿ ಹೇಳಿದ್ದರು. ಕಲಬುರಗಿಯವರೇ, ಐವತ್ತರ ಹೆಣ್ಣುಮಗಳು, ಮಾತು ಕಡಿಮೆ.

"ನೋಡ್ರಿ, ಗಟ್ಟಿ ಅಗಿಯೋದು ಏನೂ ಬ್ಯಾಡ. ಖಾರ ಬ್ಯಾಡ. ನಿಮ್ಮ ಒಗ್ಗರಣಿ ಘಾಟು ಒಳಗ ಬಂತಂದ್ರ ನಲವತ್ತೆರಡು ಮಂದಿ ಒಮ್ಮೆಲೆ ಕೆಮ್ಮತಾರ. ಕೆಮ್ಮಬಾರದು, ತಿಣುಕಬಾರದು. ಎಲ್ಲಕ್ಕಿಂತ ಹೆಚ್ಚಿಂದು, ವಾಂತಿ ಆಗಬಾರದು."

"ಆದ್ರ ಏನಾಗ್ತದ್ರಿ?"

"ಹೊಲಿಗಿ ಹಾಕದ ಗಾಯ ಅದು. ಒಳಗಿಂದ ಒತ್ತಿದ್ರ ಬಿಚ್ಚತದ. ಕಣ್ಣಾಗ ರಕ್ತ ಬರ್ತದ. ಆಮ್ಯಾಲ ದೇವರ ಮ್ಯಾಲ ಭಾರ."

ನಾನು ನಕ್ಕೆ. "ನನ್ನ ಅಡಿಗಿ ಉಂಡು ವಾಂತಿ ಮಾಡಿದವ ಇನ್ನಾ ಹುಟ್ಟಿಲ್ಲರಿ ಸಿಸ್ಟರ್."

ಒಗ್ಗರಣೆ ಇಲ್ಲ, ಖಾರ ಇಲ್ಲ, ಮೆತ್ತಗಿರಬೇಕು. ಹಾಗಾದರೆ ಕೆಂಡದ ಮೇಲೆ ನಿಧಾನ ಬೇಯಿಸುವುದೇ ಸರಿ ಎಂದು ತೀರ್ಮಾನಿಸಿದೆ. ಅದು ನನ್ನ ಕೈ ಪಳಗಿದ ಕೆಲಸ, ಮತ್ತು ಇಬ್ಬರೇ ಇರುವಾಗ ಅದಕ್ಕಿಂತ ಸುಲಭದ ಕೆಲಸ ಇಲ್ಲ. ಗ್ಯಾಸಿನ ಮೇಲಾದರೆ ನುಚ್ಚು ತಳ ಹಿಡಿಯುತ್ತದೆ, ಒಬ್ಬರು ನಿಂತು ತಿರುವುತ್ತಲೇ ಇರಬೇಕು. ಕೆಂಡದ ಮೇಲೆ ಒಂದು ಕುದಿ ಬರಿಸಿ, ಮುಚ್ಚಳದ ಅಂಚಿಗೆ ಜೋಳದ ಹಿಟ್ಟಿನ ಕಣಕ ಮೆತ್ತಿ, ಮುಚ್ಚಳದ ಮೇಲೂ ನಾಲ್ಕು ಕೆಂಡ ಹಾಕಿ ಬಿಟ್ಟರೆ ಆರೇಳು ತಾಸು ಅದರ ಪಾಡಿಗೆ ಅದು. ನಾವು ಕಾಯುವುದು ಮಾತ್ರ.

ಆದರೆ ನನ್ನ ಎರಡು ಅಲ್ಯುಮಿನಿಯಂ ಡಬರಿಗಳಲ್ಲಿ ಒಂದು ಸೇಡಂ ರಸ್ತೆಯ ಮದುವೆಯೊಂದಕ್ಕೆ ಹೋಗಿತ್ತು. ರೋಜಾ ಓಣಿಯಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯಿಂದ ಒಂದು ತಾಮ್ರದ ದೇಗ್ ತಂದೆ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು, ಎತ್ತಲು ಇಬ್ಬರು ಬೇಕು. ಒಳಗೆ ಕಲಾಯಿ ಇತ್ತು, ಅಂದರೆ ಅಡಿಗೆಗೆ ತಾಮ್ರ ತಾಗದಿರಲೆಂದು ಹಚ್ಚಿದ ತವರದ ಬಿಳಿ ಲೇಪ. ಅಂಗಡಿಯಲ್ಲೇ, ಚಾಚಾನ ಎದುರಿಗೆ, ಮೊಬೈಲಿನ ಟಾರ್ಚ್ ಬಿಟ್ಟು ನೋಡಿದ್ದೆ. ತಳದಲ್ಲಿ ಒಂದು ರೂಪಾಯಿಯಷ್ಟು ಅಗಲ ಕೆಂಪು ಕಾಣಿಸಿತು.

"ಚಾಚಾ, ಇಲ್ಲಿ ಕಲಾಯಿ ಸವದದಲ್ಲ."

"ಅರೆ, ಹೋದ ಈದಿಗೆ ಮಾಡ್ಸೀನಿ ಭಾಯಿ. ಹುಳಿ ಹಾಕಬ್ಯಾಡ, ಬಸ್. ನುಚ್ಚು, ಅನ್ನ, ಏನ್ ಬೇಕಾದ್ದು ಮಾಡ್ಕೋ."

ಹುಳಿ ಹಾಕುವವನು ನಾನಲ್ಲ. ಹೇರಿಕೊಂಡು ಬಂದೆ.

ಮೊದಲ ದಿನ ಭವನದ ಒಳಗೆ ಕಾಲಿಟ್ಟಾಗ ನನ್ನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ಎರಡು ಸಾಲು ಜಮಖಾನೆ, ಸಾಲಿಗೆ ಇಪ್ಪತ್ತೊಂದು ಮಂದಿ, ಎಲ್ಲರಿಗೂ ಒಂದು ಕಣ್ಣಿನ ಮೇಲೆ ಬಿಳಿ ಪಟ್ಟಿ. ನಮ್ಮ ಸಪ್ಪಳಕ್ಕೆ ಅಷ್ಟೂ ಮುಖ ಒಟ್ಟಿಗೆ ನಮ್ಮ ಕಡೆ ತಿರುಗಿದವು. ಯಾರೂ ಮಾತಾಡಲಿಲ್ಲ. ತಲೆ ಅಲುಗಿಸಬಾರದೆಂದು ಹೇಳಿದ್ದರಂತೆ, ಅದಕ್ಕೆ ಅಷ್ಟು ನಿಧಾನ ತಿರುಗಿದ್ದು.

"ಏನ್ರಿ ಇದು, ಎದಿ ಝಲ್ ಅಂತದ," ಎಂದಳು.

"ಹಸದಾರ. ಉಂಡರ ಮಾತಾಡ್ತಾರ," ಎಂದೆ.

ಆ ಮಧ್ಯಾಹ್ನ ನನ್ನ ಕೈಚಳಕ ತೋರಿಸಲು ಅಕ್ಕಿ, ಬೇಳೆ, ಗಜ್ಜರಿ, ಬೀನ್ಸ್ ಹಾಕಿ ಮೆತ್ತಗೆ ಬೇಯಿಸಿದ ಬಾತು ಬಡಿಸಿದೆ. ಮದುವೆಗಳಲ್ಲಿ ಮಂದಿ ಎರಡೆರಡು ಸಲ ಹಾಕಿಸಿಕೊಂಡದ್ದು. ಇಲ್ಲಿ ಒಬ್ಬ ಅಜ್ಜ, ಎಲ್ಲರ ಬಾಯಲ್ಲಿ ಮುತ್ಯಾ, ಗಜ್ಜರಿಯ ತುಂಡುಗಳನ್ನು ಒಂದೊಂದಾಗಿ ಆರಿಸಿ ಗಂಗಾಳದ ಅಂಚಿನಲ್ಲಿ ಸಾಲಾಗಿ ಇಟ್ಟ. ಕಮಲಾಪುರದವನೇ, ಕೆಂಪು ಬಾಳೆಯ ತೋಟದಲ್ಲಿ ಕೂಲಿ ಮಾಡಿ ಸೊಂಟ ಬಾಗಿದವನು. ಆ ಗುಂಪಿಗೆ ಅವನೇ ಹಿರಿಯ, ಅವನು ಉಂಡರೆ ಉಳಿದವರು ಉಣ್ಣುತ್ತಿದ್ದರು.

"ತಮ್ಮಾ, ಇವು ಏನು? ದವಾಖಾನಿ ಗುಳಿಗಿ ಇದ್ದಂಗ ಅವ."

"ಗಜ್ಜರಿ ಮುತ್ಯಾ. ಕಣ್ಣಿಗೆ ಛಲೋ."

"ಕಣ್ಣು ಡಾಕ್ಟ್ರು ಮಾಡ್ಯಾರ. ನೀ ಹೊಟ್ಟಿದು ನೋಡು."

ಪಕ್ಕದ ಸಾಲಿನ ಮುದುಕಿ ಊಟದ ಹೆಸರು ಕೇಳಿದಳು. ಹೇಳಿದೆ. "ನಾ ಹೆಸರ ಕೇಳಿಲ್ಲದ್ದು ಉಣ್ಣಂಗಿಲ್ಲಪ್ಪಾ," ಎಂದು ಗಂಗಾಳ ಸರಿಸಿದಳು. ಅರ್ಧದಷ್ಟು ಬಾತು ವಾಪಸ್ ಬಂತು. ನನ್ನ ಜೀವನದಲ್ಲಿ ಅಡಿಗೆ ಹೀಗೆ ವಾಪಸ್ ಬಂದದ್ದು ಅದೇ ಮೊದಲು. ಭವನದ ಹಿಂದೆ ಬಂದು ಇಟ್ಟಂಗಿಯ ಮೇಲೆ ಕೂತೆ. ಹೆಂಡತಿ ಹೇಳಿದಳು:

"ಅವರಿಗೆ ಬೇಕಾಗಿದ್ದು ನುಚ್ಚು, ಬ್ಯಾಳಿ, ಮಜ್ಜಗಿ. ಅಷ್ಟ ಮಾಡ್ರಿ. ಇದೇನು ನಿಮ್ಮ ಪರೀಕ್ಷಾ ಅಲ್ಲ."

ರಾತ್ರಿಯ ಊಟದಿಂದ ಹಾಗೇ ಮಾಡಿದೆ. ಭವನದಿಂದ ಅರವತ್ತು ಹೆಜ್ಜೆ ದೂರ, ಹೊಗೆ ಒಳಗೆ ಬೀಸದ ಕಡೆ ಗುಂಡಿ ತೋಡಿದೆ. ತೊಗರಿ ಕಟ್ಟಿಗೆ ಮತ್ತು ಕುಳ್ಳು ಸುಟ್ಟು, ಹೊಗೆಯೆಲ್ಲ ಹೋಗಿ ಬರೀ ಕೆಂಡವಾದ ಮೇಲೆಯೇ ಪಾತ್ರೆ ಇಳಿಸುತ್ತಿದ್ದೆ. ಜೋಳದ ನುಚ್ಚು ಎರಡು ತಾಸು ನೆನೆಹಾಕಿ, ನಾಲ್ಕರಷ್ಟು ನೀರು, ಚಿಟಿಕೆ ಉಪ್ಪು. ಬೇಳೆಗೆ ಅರಿಷಿಣ, ಜಜ್ಜಿದ ಬೆಳ್ಳುಳ್ಳಿ, ಊರಲ್ಲೇ ಹುರಿದು ತಂದ ಜೀರಿಗೆ. ಎಲ್ಲವೂ ಮೊದಲೇ ಒಳಗೆ, ಮೇಲೆ ಒಗ್ಗರಣೆ ಇಲ್ಲ. ಕೆಂಡಕ್ಕೆ ಬೂದಿ ಮುಚ್ಚಿ ಶಾಖ ಇಳಿಸುತ್ತಿದ್ದೆ. ಆರು ತಾಸಿಗೆ ಕಣಕ ಒಡೆದು ಮುಚ್ಚಳ ತೆಗೆದರೆ ನುಚ್ಚು ಬೆಣ್ಣೆಯಾಗಿರುತ್ತಿತ್ತು. ಆ ರಾತ್ರಿ ಪಾತ್ರೆ ಖಾಲಿಯಾಯಿತು.

ಎರಡನೆಯ ಬೆಳಿಗ್ಗೆ ಸಿಸ್ಟರ್ ಪಟ್ಟಿ ಬಿಚ್ಚಿ ಔಷಧಿ ಹಾಕುತ್ತಿದ್ದಾಗ ನಾನು ಗಂಜಿ ತೆಗೆದುಕೊಂಡು ಒಳಗೆ ಹೋದೆ. ಅವರು ಮುತ್ಯಾನ ಮುಂದೆ ಬೆರಳು ಹಿಡಿದು ಎಷ್ಟೆಂದು ಕೇಳಿದರು.

"ಮೂರು. ಉಗುರಿಗೆ ಬಣ್ಣ ಹಚ್ಚಿದ್ದು ಎರಡಕ್ಕ, ಒಂದರದು ಉದರ್ಯಾದ."

ಸಿಸ್ಟರ್ ಬೆರಳು ಮಡಚಿಕೊಂಡರು. ಇಡೀ ಸಾಲು ನಕ್ಕಿತು, ಕೆಮ್ಮದಂತೆ, ಬಾಯಿಗೆ ಸೆರಗು ಹಿಡಿದು. ಮುತ್ಯಾ ನನ್ನ ಕಡೆ ತಿರುಗಿದ.

"ತಮ್ಮಾ, ಹತ್ರ ಬಾ. ನಿನ್ನ ಮೀಸ್ಯಾಗ ಎರಡು ಬಿಳಿ ಕೂದಲ ಅದಾವ. ಎಡಗಡಿ."

ಎರಡು ವರ್ಷದಿಂದ ಅವನಿಗೆ ಮೊಮ್ಮಕ್ಕಳ ಮುಖ ಕಂಡಿರಲಿಲ್ಲವಂತೆ. ಆಮೇಲೆ ಅವನೇ ಕೇಳಿದ, "ನುಚ್ಚೇನೋ ಛಲೋ ಮಾಡ್ತಿ. ಆದ್ರ ಬಾಯಿ ಸಪ್ಪಗಾಗ್ಯಾದ. ನಾಳಿಗಿ ಪುಂಡಿಪಲ್ಯ ಮಾಡು. ನುಚ್ಚಿಗಿ ಪುಂಡಿಪಲ್ಯ ಇಲ್ಲಂದ್ರ ನಾವು ಯಾರ ಮನಿಗಿ ಬಂದೀವಿ ಅನಸ್ತದ."

ಸಾಲಿನಲ್ಲಿ ಎಲ್ಲರೂ ಹೂಂಗುಟ್ಟಿದರು. ಖಾರ ಕಡಿಮೆ ಇದ್ದರೆ ಅಡ್ಡಿಯಿಲ್ಲ ಎಂದರು ಸಿಸ್ಟರ್. ಎರಡು ದಿನದಲ್ಲಿ ನನ್ನನ್ನು ಏನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ನಾನು ಗಾಳಿಯಲ್ಲಿ ತೇಲುತ್ತಾ ಹಿಂದೆ ಬಂದೆ.

ಪುಂಡಿ ಹುಳಿ ಸೊಪ್ಪು. ಅದು ನನಗೂ ಗೊತ್ತು, ಮಗುವಿಗೂ ಗೊತ್ತು. ಮೂರನೆಯ ದಿನ ನಸುಕಿನಲ್ಲಿ ನಾನು ಸೊಪ್ಪು ಹೆಚ್ಚುತ್ತಿದ್ದಾಗ ಹೆಂಡತಿ ಕೇಳಿದಳು:

"ಇದನ್ನ ಯಾತರಾಗ ಹಾಕ್ತೀರಿ?"

"ಡಬರ್ಯಾಗ ನುಚ್ಚು ಅದ. ಇದು ದೇಗಿನ್ಯಾಗ."

"ಚಾಚಾ ಹುಳಿ ಬ್ಯಾಡ ಅಂದಿದ್ನಲ್ಲ?"

"ರೂಪಾಯಿಯಷ್ಟು ಸವದದ. ಅಷ್ಟಕ್ಕ ಏನಾಗ್ತದ? ಹುಳಿಗೆ ಅಲ್ಯುಮಿನಿಯಂಕಿಂತ ಕಲಾಯಿನೇ ಛಲೋ. ನನಗ ಕಲಿಸಬ್ಯಾಡ."

ದೇಗ್ ಗುಂಡಿಯ ಪಕ್ಕದಲ್ಲಿ ಬೋರಲು ಬಿದ್ದಿತ್ತು. ಇನ್ನೂ ಬೆಳಕಾಗಿರಲಿಲ್ಲ. ಇಬ್ಬರೂ ಎತ್ತಿ ಕೆಂಡದ ಮೇಲೆ ಇಟ್ಟೆವು, ನೀರು ಸುರಿದೆವು. ಒಳಗೆ ಟಾರ್ಚ್ ಬಿಡಲಿಲ್ಲ. ತಂದ ದಿನ ನೋಡಿದ್ದೆನಲ್ಲ. ತೊಗರಿಬೇಳೆ, ಒಂದು ಹಿಡಿ ನುಚ್ಚು, ಬೆಳ್ಳುಳ್ಳಿ, ನಾಲ್ಕೇ ಹಸಿಮೆಣಸಿನಕಾಯಿ, ಮೇಲೆ ಬುಟ್ಟಿಗಟ್ಟಲೆ ಪುಂಡಿ. ಕುದಿ ಬಂದ ಮೇಲೆ ಆರು ಗಂಟೆಗೆ ಕಣಕ ಮೆತ್ತಿದೆ.

ಹತ್ತು ಗಂಟೆಗೆ ಬೇಳೆ ಒಡೆದಿದೆಯೇ ನೋಡಲು ಒಮ್ಮೆ ಮುಚ್ಚಳ ತೆಗೆದೆ. ಹುಳಿ ವಾಸನೆ ಘಮ್ಮೆಂದಿತು. ಅದರ ಹಿಂದೆ ಮತ್ತೊಂದು ವಾಸನೆ ಇತ್ತು. ತೆಳ್ಳಗೆ, ಮಳೆಗೆ ನೆನೆದ ಬೀಗದ ಕೈ ಹಿಡಿದ ಮೇಲೆ ಅಂಗೈಯಲ್ಲಿ ಉಳಿಯುತ್ತದಲ್ಲ, ಅಂಥದ್ದು. ನನ್ನ ಮೂಗು ಅದನ್ನು ಹಿಡಿಯಿತು. ನಾನು ಒಪ್ಪಲಿಲ್ಲ. ಗುಂಡಿಯಲ್ಲಿ ಯಾವುದೋ ಮೊಳೆ ಸುಟ್ಟಿರಬೇಕು ಅಂದುಕೊಂಡೆ. ಬಣ್ಣ ನೋಡಿದರೆ ತಿಳಿಯುವಂತಿರಲಿಲ್ಲ, ಬೆಂದ ಪುಂಡಿಯ ಬಣ್ಣವೇ ಮಾಸಿದ ಹಸಿರು.

ಅಷ್ಟರಲ್ಲಿ ಮುತ್ಯಾ ಗೋಡೆ ಹಿಡಿದುಕೊಂಡು, ವಾಸನೆಯ ಬೆನ್ನು ಹತ್ತಿ ಬಂದಿದ್ದ.

"ಒಂದು ಬಟ್ಟಲಾ ಹಾಕು. ಆಗ್ಯಾದೋ ಇಲ್ಲೋ ನಾ ಹೇಳ್ತೀನಿ."

ನಾನು ರುಚಿ ನೋಡುವವನಲ್ಲ. ಉಣ್ಣುವವನೇ ಬಂದಿದ್ದಾನೆ. ಒಂದು ಬಟ್ಟಲು ತುಂಬ ಹಾಕಿಕೊಟ್ಟೆ. ಅವನು ಬಟ್ಟಲು ಎತ್ತಿ ಕುಡಿದ, ಬೆರಳು ನೆಕ್ಕಿದ.

"ಹುಳಿ ಬರೋಬ್ಬರಿ ಹಿಡದದ. ಆದ್ರ ತಮ್ಮಾ, ಬಾಯಾಗ ದುಡ್ಡು ಇಟ್ಕೊಂಡಂಗ ಆಗ್ಯಾದಲೋ."

"ಔಷಧಿ ಕಹಿ ಇರಬೇಕು ಮುತ್ಯಾ."

"ಇರಬೇಕು," ಎಂದು ಗೋಡೆ ಹಿಡಿದು ಒಳಗೆ ಹೋದ.

ಹತ್ತೂವರೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಣ್ಣುಮಗಳು ಬಂದಳು. ಅದೇ ಓಣಿಯವಳು, ಶಿಬಿರದವರು ಗೊತ್ತು ಮಾಡಿದ್ದರು. ದೇಗ್ ನೋಡಿ ಸೊಂಟದ ಮೇಲೆ ಕೈ ಇಟ್ಟಳು.

"ಯಣ್ಣಾ, ನಿನ್ನಿ ನಿನ್ನ ದೇಗ್ ಹ್ಯಾಂಗ ತಿಕ್ಕೀನಿ ನೋಡಿದೇನು? ಒಳಗ ಎಲ್ಲಾ ಬಿಳಿ ಬಿಳಿ ಕಿಲುಬು ಹಿಡದಿತ್ತು. ಇಟ್ಟಂಗಿ ಪುಡಿ ಹಾಕಿ, ತೆಂಗಿನ ನಾರ್ಲೆ ಎರಡು ತಾಸು ತಿಕ್ಕೀನಿ. ಬಂಗಾರದಂಗ ಕೆಂಪಗ ಬಂದದ."

ನನ್ನ ಕೈಯಲ್ಲಿ ಸೌಟು ಇತ್ತು. ಅದನ್ನು ಹಿಡಿದೇ ದೇಗಿನ ಕಡೆ ತಿರುಗಿದೆ. ಅವಳ ಮನೆಯಲ್ಲಿ ಇರುವುದು ತಾಮ್ರದ ಹಂಡೆ, ನೀರಿನದು, ಕೆಂಪಗೆ ಹೊಳೆಯುವವರೆಗೆ ತಿಕ್ಕುವುದೇ ಅಲ್ಲಿ ಶುದ್ಧ. ಕಲಾಯಿ ಅವಳಿಗೆ ಕೊಳೆಯಾಗಿ ಕಂಡಿತ್ತು. ನಾನು ಹೇಳಿರಲಿಲ್ಲ. ನಾನು ನೋಡಿಯೂ ಇರಲಿಲ್ಲ.

ಮುಚ್ಚಳ ತೆಗೆದೆ. ಬಾಯಿಯ ಅಂಚಿನಲ್ಲಿ ಹನಿ ಒಣಗಿದ ಕಡೆ ನವಿಲುಗರಿಯ ಬಣ್ಣದ ಗೆರೆ ಬಿದ್ದಿತ್ತು. ಅದು ಪುಂಡಿಯ ಹಸಿರಲ್ಲ. ಸೌಟಿನಿಂದ ಸೊಪ್ಪು ಸರಿಸಿದೆ. ಗೋಡೆಯುದ್ದಕ್ಕೂ ಹಸಿ ಗಾಯದಂಥ ಕೆಂಪು. ಅಂಗುಲ ಬಿಳಿಯೂ ಉಳಿದಿರಲಿಲ್ಲ. ಉಸ್ತಾದರ ಕಟ್ಟು ಮುರಿದು ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ಹುಳಿಯ ಹಿಂದೆಯೇ ನಾಲಿಗೆಯ ಬುಡ ಮರಗಟ್ಟಿತು, ಬಾಯಿ ತುಂಬ ಜೊಲ್ಲು ಬಂತು. ಉಗುಳಿದೆ. ಮತ್ತೆ ಬಂತು.

ತೊಳೆಯುವವಳು ನನ್ನ ಮುಖ ನೋಡಿದಳು. "ನಂದೇನರ ತಪ್ಪಾಯ್ತೇನಣ್ಣಾ?"

"ಇಲ್ಲವ್ವಾ. ನೀ ಮನಿಗಿ ಹೋಗು," ಎಂದೆ.

ಹೆಂಡತಿ ದೇಗಿನೊಳಗೆ ನೋಡಿದವಳೇ ಹಾರೆ ತಂದು ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡತೊಡಗಿದಳು. ಇಬ್ಬರೂ ಸೇರಿ ದೇಗ್ ಬಗ್ಗಿಸಿ ಅಷ್ಟನ್ನೂ ಗುಂಡಿಗೆ ಸುರಿದೆವು. ನಾಯಿ ಮುಟ್ಟಬಾರದೆಂದು ಬೂದಿ, ಅದರ ಮೇಲೆ ಮಣ್ಣು ಎಳೆದೆವು. ಆಮೇಲೆ ಅವಳು ಮೆಲ್ಲಗೆ ಹೇಳಿದಳು:

"ತಳ ಹತ್ತಿ ಸೀದದ ಅನ್ರಿ. ನುಚ್ಚು ಅದ, ಮಜ್ಜಗಿ ತರಸೋಣ, ಬಾಳಿಹಣ್ಣು ಕೊಡೋಣ. ಯಾರೂ ಉಂಡಿಲ್ಲಲ್ಲ."

ಮುತ್ಯಾ ಬಂದಾಗ ಅವಳು ಮಜ್ಜಿಗೆಯ ಗಡಿಗೆ ತೊಳೆಯಲು ಹೋಗಿದ್ದಳು. ಬಟ್ಟಲಿನ ವಿಷಯ ಅವಳಿಗೆ ಗೊತ್ತಿರಲಿಲ್ಲ.

ನಾನು ಒಳಗೆ ಹೋಗಿ ಸಿಸ್ಟರಿಗೆ ಅದನ್ನೇ ಹೇಳಿದೆ. ಪುಂಡಿಪಲ್ಯ ತಳ ಹತ್ತಿದೆ, ಚೆಲ್ಲಿದ್ದೇವೆ, ಊಟ ಹದಿನೈದು ನಿಮಿಷ ತಡ. "ಗುಳಿಗಿ ಖಾಲಿ ಹೊಟ್ಟಿಗಿ ಕೊಡಂಗಿಲ್ಲ, ಒಂದೂವರಿ ದಾಟಬಾರದು," ಎಂದಷ್ಟೇ ಅಂದು ಅವರು ಬರೆಯುತ್ತಾ ಕೂತರು. ಸಾಲಿನಿಂದ ಯಾರೋ ಕೆಣಕಿದರು, "ದೊಡ್ಡ ಅಡಿಗಿಯಂವ, ಪುಂಡಿಪಲ್ಯ ಸೀಸ್ಯಾನ." ನಗೆ ಎದ್ದಿತು. ನಾನು ನಗುವಂತೆ ಹಲ್ಲು ತೋರಿಸಿದೆ. ಮುತ್ಯಾ ನಗಲಿಲ್ಲ. ಮೊಣಕಾಲು ಎದೆಗೆ ಹಚ್ಚಿಕೊಂಡು ಕೂತಿದ್ದ.

ಬಾಗಿಲ ಹತ್ತಿರ ನಿಂತು ಅವನನ್ನೇ ನೋಡಿದೆ. ಒಂದು ಬಟ್ಟಲು ಅಷ್ಟೇ, ಏನೂ ಆಗದು. ತೋಟದಲ್ಲಿ ದುಡಿದ ಗಟ್ಟಿ ಜೀವ. ಹೇಳಿದರೆ ಕಲಬುರಗಿಯಲ್ಲಿ ನನ್ನ ಹೆಸರು ಯಾರ ಬಾಯಲ್ಲಿ ಹೇಗೆ ಆದೀತು? ನೆಲ ಒರೆಸಿದೆ. ತಂಬಿಗೆಗಳಿಗೆ ನೀರು ತುಂಬಿದೆ. ಪ್ರತಿ ಸಲ ತಿರುಗಿದಾಗಲೂ ಅವನು ಹಾಗೇ ಇದ್ದ. ಗೋಡೆಯ ಗಡಿಯಾರ ಹನ್ನೊಂದು ದಾಟಿತು. ಸುಳ್ಳು ಹೇಳಿ ಅರ್ಧ ತಾಸು. ಆಗ ಮುತ್ಯಾ ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಮೂರನೆಯ ಸಲ ಚುಂಗನ್ನು ಬಾಯಿಂದ ತೆಗೆಯಲೇ ಇಲ್ಲ. ನನ್ನ ಬಾಯಲ್ಲಿ ಬಂದ ಜೊಲ್ಲೇ ಅದು.

ಓಡಿದೆ.

"ಸಿಸ್ಟರ್, ನಾ ಸುಳ್ಳು ಹೇಳೀನಿ. ಸೀದಿಲ್ಲ. ತಾಮ್ರ ಬಿಟ್ಟದ. ಕಲಾಯಿ ಹೋಗಿತ್ತು, ಹುಳಿ ಹಾಕೀನಿ. ಮುತ್ಯಾ ಒಂದು ಬಟ್ಟಲಾ ಕುಡದಾನ."

ಅವರು ಎದ್ದೇಬಿಟ್ಟರು. "ಎಷ್ಟೊತ್ತಾಯ್ತು?"

"ಒಂದು ತಾಸು ಮ್ಯಾಲಾಯ್ತು."

"ಮತ್ತೀಗ ಹೇಳ್ತೀರಿ?"

ಅವರು ಉತ್ತರಕ್ಕೆ ಕಾಯಲಿಲ್ಲ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಸೂಜಿ. ವಾಂತಿ ತಡೆಯುವ ಇಂಜೆಕ್ಷನ್ ಚುಚ್ಚಿದರು. ನನಗೆ ಅವನ ತಲೆ ಹಿಡಿಯಲು ಹೇಳಿದರು. "ಅಲಗಾಡಬಾರದು. ಬಗ್ಗಬಾರದು. ಬಂದ್ರೂ ಬಾಯಿ ತೆರದು ಬಿಡಲಿ, ತಿಣುಕಬಾರದು."

ಮುತ್ಯಾನ ತಲೆ ನನ್ನ ಎರಡು ಅಂಗೈ ನಡುವೆ ಇತ್ತು. ಬೆವರಿನಿಂದ ಜಾರುತ್ತಿತ್ತು.

"ಏನಾಗ್ಯಾದೋ ತಮ್ಮಾ?"

"ನನ್ನ ಪಲ್ಯ ಕೆಟ್ಟಿತ್ತು ಮುತ್ಯಾ."

"ಛಲೋ ಇತ್ತಲ್ಲೋ," ಎಂದ.

ಇಂಜೆಕ್ಷನ್ ಹಿಡಿಯುವ ಮೊದಲು ಎರಡು ಸಲ ವಾಂತಿ ಆಯಿತು. ಎರಡೇ ಸಲ. ನಲವತ್ತೊಂದು ಮುಖಗಳು ನಮ್ಮ ಕಡೆ ತಿರುಗಿದ್ದವು, ತಲೆ ಅಲುಗಿಸದಂತೆ, ನಿಧಾನ. ಎರಡನೆಯ ಸಲ ಆದ ಮೇಲೆ ಅವನ ಕಣ್ಣಿನ ಬಿಳಿ ಪಟ್ಟಿಯ ನಡುವೆ ಒಂದು ಚುಕ್ಕೆ ಮೂಡಿತು. ಕಾಳುಮೆಣಸಿನಷ್ಟು. ನಾನು ನೋಡುತ್ತಿದ್ದಂತೆಯೇ ಅದು ರೂಪಾಯಿಯಷ್ಟಾಯಿತು.

ಅವನನ್ನು ಜೀಪಿನಲ್ಲಿ ಮಲಗಿಸಿ ಕಲಬುರಗಿಗೆ ಒಯ್ದರು. ನಾನು ಹೋಗಲಿಲ್ಲ, ಹೋಗುವಂತಿರಲಿಲ್ಲ. ನಲವತ್ತೊಂದು ಮಂದಿಗೆ ಊಟ ಆಗಬೇಕಿತ್ತು. ಡಬರಿಯ ನುಚ್ಚು ಇಳಿಸಿ, ಬಡಿಸುವ ಮೊದಲು ಎಲ್ಲರ ಎದುರಿಗೆ ನಿಂತು ಒಂದು ಬಟ್ಟಲು ನಾನು ಉಂಡೆ, ಒಂದು ಬಟ್ಟಲು ನನ್ನ ಹೆಂಡತಿ ಉಂಡಳು. ಕಾಯ್ದೆವು. ಆಮೇಲೆ ಬಡಿಸಿದೆವು. ಹೆಸರು ಕೇಳದೆ ಉಣ್ಣದ ಮುದುಕಿ ನನ್ನ ಕೈಯನ್ನೇ ನೋಡುತ್ತಿದ್ದಳು. ಗಂಗಾಳ ಮಾತ್ರ ಸರಿಸಲಿಲ್ಲ. ಒಂದೂವರೆಗೆ ಐದು ನಿಮಿಷ ಇರುವಾಗ ಊಟ ಮುಗಿಯಿತು, ಮಜ್ಜಿಗೆ ಮತ್ತು ಅರ್ಧರ್ಧ ಕೆಂಪು ಬಾಳೆಹಣ್ಣಿನೊಂದಿಗೆ.

ಮರುದಿನ ಶಿಬಿರ ಮುಗಿಸಿ ನೇರ ಸೇಡಂ ರಸ್ತೆಯ ಆಸ್ಪತ್ರೆಗೆ ಹೋದೆ. ರಕ್ತ ಇಳಿದಿದೆ, ಕಣ್ಣು ಉಳಿದಿದೆ, ಎಷ್ಟು ಉಳಿದಿದೆಯೋ ಕಾಲವೇ ಹೇಳಬೇಕು ಎಂದರು ಡಾಕ್ಟರು. ಅರ್ಧ ತಾಸು ಮೊದಲು ಹೇಳಿದ್ದರೆ ಆ ಎರಡು ಸಲವೂ ಆಗುತ್ತಿರಲಿಲ್ಲವೇ ಎಂದು ಕೇಳಬೇಕೆಂದಿದ್ದೆ. ಬಾಗಿಲವರೆಗೆ ಹೋಗಿ ಬಂದೆ, ಕೇಳಲಿಲ್ಲ. ದೇಗ್ ರೋಜಾಕ್ಕೆ ಒಯ್ದು, ಕಲಾಯಿಗಾರನ ಮುಂದೆ ಕೂತು, ಹೊಸ ತವರ ಹಚ್ಚಿಸಿಯೇ ಚಾಚಾನಿಗೆ ಒಪ್ಪಿಸಿದೆ. ಅವನು ನನ್ನ ಮುಖ ನೋಡಿ ಒಳಗಿಟ್ಟ.

ಮೂರು ತಿಂಗಳ ಮೇಲೆ ಕಮಲಾಪುರಕ್ಕೆ ಹೋದೆ. ಮುತ್ಯಾ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನಾನು ಮಾತಾಡುವ ಮೊದಲೇ, "ಬೆಳ್ಳುಳ್ಳಿ ವಾಸನಿ ಬಂತು, ನೀನೇ ಇರಬೇಕು," ಎಂದ. ಎದುರಿಗೆ ಕೂತೆ. ಅವನು ಮುಖ ಹತ್ತಿರ ತಂದು, ಒಂದು ಕಣ್ಣು ಮುಚ್ಚಿ, ಆಪರೇಷನ್ ಆದ ಕಣ್ಣಿನಿಂದ ಬಹಳ ಹೊತ್ತು ನೋಡಿದ.

"ಮೀಸಿ ಕಾಣ್ತದ," ಎಂದ. "ಬಿಳಿ ಕೂದಲ ಕಾಣವಲ್ಲವು. ಕರಿ ಹಚ್ಚೀಯೇನು?"

"ಹೂಂ ಮುತ್ಯಾ," ಎಂದೆ. ಹಚ್ಚಿರಲಿಲ್ಲ. ಅದು ನಾನು ಅವನಿಗೆ ಸಂಬಂಧಿಸಿ ಹೇಳಿದ ಎರಡನೆಯ ಸುಳ್ಳು.

ಈಗ ನನ್ನ ಹತ್ತಿರ ಸ್ಟೀಲಿನ ಡಬರಿ ಆರು. ಅಲ್ಯುಮಿನಿಯಂ ಇಲ್ಲ, ತಾಮ್ರ ಇಲ್ಲ. ದೊಡ್ಡ ಸೌಟು ನಾಲ್ಕು, ಹಾರೆ ಒಂದು, ಟಾರ್ಚ್ ಎರಡು. ಕೈ ಕೆಳಗೆ ಕೆಲಸದವರು ಮೂವರು, ಪಾತ್ರೆ ತೊಳೆಯಲು ಇಬ್ಬರು, ಅವರಿಗೆ ಮೊದಲ ದಿನವೇ ಒಂದೊಂದು ಪಾತ್ರೆಯ ಒಳಗೂ ಬೆಳಕು ಬಿಟ್ಟು ತೋರಿಸುತ್ತೇನೆ. ಮೀಸೆಯಲ್ಲಿ ಬಿಳಿ ಕೂದಲು ಹದಿನಾಲ್ಕು. ಮತ್ತೆ ಒಂದು ಬಟ್ಟಲು, ಮುತ್ಯಾ ಕುಡಿದಿದ್ದು. ಎಲ್ಲಿ ಅಡಿಗೆ ಮಾಡಿದರೂ ಬಡಿಸುವ ಒಂದು ತಾಸು ಮೊದಲು ಅದರಲ್ಲಿ ನಾನು ಉಣ್ಣುತ್ತೇನೆ, ಆಮೇಲೆ ಗಡಿಯಾರ ನೋಡುತ್ತಾ ಕೂಡುತ್ತೇನೆ.